ಅಂಚಿನ ಕೆಂಪು ನೂಲು

ಹೊಸ ಪಂಚೆಯ ಮಡಿಕೆ ಬಿಚ್ಚಿ ಉಡುವ ಗಳಿಗೆಯಲ್ಲಿ ಮನುಷ್ಯನಿಗೆ ತನ್ನ ಮೇಲಿನ ಅಭಿಮಾನ ಕೊಂಚ ಹೆಚ್ಚುತ್ತದೆ ಎಂಬುದು ನನ್ನ ಅನುಭವ. ಗಡಹಿಂಗ್ಲಜದ ಪೇಟೆಯಿಂದ ತಂದ ಪಂಚೆಯೊಂದನ್ನು ಇಂದು ಬೆಳಿಗ್ಗೆ ಹೀಗೆ ಬಿಚ್ಚಿ, ಕನ್ನಡಿಯ ಮುಂದೆ ನಿಂತು, ವರ್ಷದಿಂದ ವರ್ಷಕ್ಕೆ ವಿಸ್ತಾರವಾಗುತ್ತಿರುವ ನನ್ನ ಉದರಪರಿಧಿಗೆ ಅದು ಸಾಲುತ್ತದೆಯೋ ಇಲ್ಲವೋ ಎಂಬ ಗಂಭೀರ ಪ್ರಶ್ನೆಯನ್ನು ಪರಾಮರ್ಶಿಸುತ್ತಿದ್ದಾಗ, ಅದರ ಅಂಚಿಗೆ ಗಂಟು ಹಾಕಿದ್ದ ಬೆರಳುದ್ದದ ಕೆಂಪು ನೂಲೊಂದು ಕಣ್ಣಿಗೆ ಬಿತ್ತು. ನನ್ನ ಹೆಂಡತಿಯ ಕಣ್ಣಿಗೂ ಬಿತ್ತು. ನನ್ನ ಕಣ್ಣಿಗೆ ಬಿದ್ದದ್ದು ನನ್ನಲ್ಲೇ ಉಳಿಯುವುದುಂಟು. ಅವಳ ಕಣ್ಣಿಗೆ ಬಿದ್ದದ್ದು ಕೂಡಲೇ ಮನೆತುಂಬ ಪ್ರಕಟವಾಗುತ್ತದೆ.

“ಇದನ್ನ ನೋಡದನ ತಂದೀರೇನ್ರಿ? ಅಂಚಿಗೆ ಕೆಂಪ ದಾರ ಐತಿ ಅಂದ್ರ ಅಲ್ಲೆ ಏನರ ದೋಷ ಐತಿ ಅಂತ ಅರ್ಥ. ನಾಲ್ಕ ಮಂದಿಗೆ ಪಾಠ ಹೇಳೂ ಮಾಸ್ತರು ನೀವು, ಭಾಳ ಛಂದ ಆತು!”

ಅವಳ ಮಾತು ಸರಿಯೇ ಇತ್ತು. ನೂಲಿನಿಂದ ಗೇಣುದ್ದ ಒಳಗೆ ಒಂದೆರಡು ಎಳೆ ತಪ್ಪಿ, ಬೈತಲೆಯಂಥ ಸಣ್ಣ ಗೆರೆ ಮೂಡಿತ್ತು. ದೋಷವನ್ನು ತಿದ್ದಲಾಗದಿದ್ದರೂ ಗುರುತನ್ನಾದರೂ ಅಳಿಸೋಣವೆಂದು ಅವಳು ಕತ್ತರಿ ತಂದಳು. ಬೇಡ ಎಂದೆ. ದೋಷವಿರುವುದು ಬಟ್ಟೆಯಲ್ಲಿ, ನೂಲಿನಲ್ಲಲ್ಲ, ಆದ್ದರಿಂದ ಶಿಕ್ಷೆ ನೂಲಿಗೆ ಸಲ್ಲದು ಎಂದು ತರ್ಕವನ್ನೂ ಹೂಡಿದೆ. ತರ್ಕಶಾಸ್ತ್ರದ ಅಧ್ಯಾಪಕನ ಮನೆಯಲ್ಲಿ ತರ್ಕಕ್ಕೆ ಎಷ್ಟು ಮರ್ಯಾದೆ ಇರಬಹುದೋ ಅಷ್ಟೇ ನಮ್ಮಲ್ಲೂ ಇದೆ. “ಒಗ್ಗರಣಿ ಹಾಕಿ ಬರ್ತೇನಿ, ಅಷ್ಟ್ರಾಗ ನಿಮ್ಮ ಭಾಷಣ ಮುಗಸ್ರಿ” ಎಂದು ಕತ್ತರಿಯನ್ನು ಮೇಜಿನ ಮೇಲಿಟ್ಟು ಅವಳು ಅಡಿಗೆಮನೆಗೆ ಹೋದಳು. ಆದ್ದರಿಂದ, ಮಿತ್ರರೇ, ಸಾಸಿವೆ ಸಿಡಿದು ಮುಗಿಯುವುದರೊಳಗೆ ಆ ಕೆಂಪು ನೂಲಿನ ವಕಾಲತ್ತನ್ನು ನಾನು ನಿಮ್ಮ ಮುಂದೆ ನಡೆಸಬೇಕಾಗಿದೆ. ಅಡಿಗೆಮನೆಗೂ ಕೇಳಿಸಲೆಂದು ಕೊಂಚ ಏರುದನಿಯಲ್ಲೇ ಹೇಳುತ್ತೇನೆ.

ಮೊದಲು ವಕೀಲನ ಯೋಗ್ಯತೆ ತಿಳಿಯಲಿ. ಇಲ್ಲಿಯ ಕಾಲೇಜಿನಲ್ಲಿ ನಾನು ತರ್ಕದ ಜೊತೆಗೆ ನೀತಿಶಾಸ್ತ್ರವನ್ನೂ ಬೋಧಿಸುತ್ತೇನೆ. ನೀತಿಶಾಸ್ತ್ರ ಕಲಿಸುವುದರಲ್ಲಿ ಒಂದು ದೊಡ್ಡ ಅನುಕೂಲವುಂಟು. ಗಣಿತದ ಮಾಸ್ತರು ಲೆಕ್ಕ ತಪ್ಪಿದರೆ ಹಲಗೆಯ ಮುಂದೆಯೇ ಸಿಕ್ಕಿಬೀಳುತ್ತಾರೆ. ನೀತಿಯ ಮಾಸ್ತರು ತಪ್ಪುವುದು ತಾಸು ಮುಗಿದ ಮೇಲಾದ್ದರಿಂದ ಹುಡುಗರಿಗೆ ತಿಳಿಯುವ ಸಂಭವವೇ ಇಲ್ಲ. ಸದ್ಗುಣದ ಲಕ್ಷಣಗಳನ್ನು ನಾನು ಬರೆಯಿಸುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಒಮ್ಮೆ ಪರೀಕ್ಷೆಯಲ್ಲಿ ಸತ್ಯನಿಷ್ಠೆಯ ಕುರಿತು ಟಿಪ್ಪಣಿ ಕೇಳಿದ್ದಾಗ ಒಂದು ಸಾಲಿನ ಹುಡುಗರೆಲ್ಲರೂ ಒಂದೇ ಉತ್ತರವನ್ನು, ಒಂದೇ ಉದಾಹರಣೆಯನ್ನು, ಕೊನೆಗೆ ಒಂದೇ ತಪ್ಪನ್ನು ಬರೆದು ಕೊಟ್ಟಿದ್ದರು. ಸತ್ಯ ಒಂದೇ ಎಂಬ ನನ್ನ ಬೋಧನೆ ಇಷ್ಟು ಅಕ್ಷರಶಃ ಫಲಿಸೀತೆಂದು ನಾನು ಎಣಿಸಿರಲಿಲ್ಲ. ಇಂಥ ಸಾಧನೆಯ ನನಗೆ ನೀತಿ ಎಂದರೆ ಏನೆಂದು ಯಾರಾದರೂ ಗಟ್ಟಿಸಿ ಕೇಳಿದರೆ ನೆನಪಾಗುವುದು ಪಠ್ಯದ ಹಾಳೆಯಲ್ಲ, ಗೆಳೆಯ ಸಂಗಪ್ಪ.

ಈ ಅರವತ್ತರ ದಶಕ ಇನ್ನೂ ಎಳೆಯದಾಗಿದ್ದಾಗ ಕೊಲ್ಲಾಪುರದಲ್ಲಿ, ರಂಕಾಳ ಕೆರೆಯ ಬಳಿಯ ಓಣಿಯೊಂದರ ಮಾಳಿಗೆಯ ಕೋಣೆಯಲ್ಲಿ ನಾವಿಬ್ಬರು ಕನ್ನಡಿಗರು ವಾಸವಾಗಿದ್ದೆವು. ನಾನು ಹಲಕರ್ಣಿಯ ಕಬ್ಬಿನ ತೋಟದಿಂದ ತತ್ತ್ವಶಾಸ್ತ್ರಕ್ಕೆ ಓಡಿ ಬಂದವನು. ಕಬ್ಬಿನಲ್ಲಿ ಇರುವ ರಸ ತತ್ತ್ವದಲ್ಲಿಲ್ಲ ಎಂದು ಅಪ್ಪ ಆಗಾಗ ಎಚ್ಚರಿಸುತ್ತಿದ್ದರು. ಸಂಗಪ್ಪ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದವನು, ಇಚಲಕರಂಜಿಯ ನೇಕಾರರ ಓಣಿಯವನು. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಅವನನ್ನು ಸಾಕಿದವರು ತಾಯಿಯ ತಂಗಿ ತಂಗೆವ್ವ ಮತ್ತು ಅವಳ ಗಂಡ ರುದ್ರಪ್ಪ. ಕೃಷ್ಣೆಯ ಆಚೆಯ ಕೈಮಗ್ಗದ ಹಳ್ಳಿಯೊಂದರಿಂದ ವಿದ್ಯುತ್ ಮಗ್ಗದ ಕೆಲಸ ಹುಡುಕಿಕೊಂಡು ಬಂದ ಕುಟುಂಬ ಅದು. ರುದ್ರಪ್ಪ ಮಗ್ಗ ನಡೆಸುತ್ತಿದ್ದ, ತಂಗೆವ್ವ ಅದೇ ಶೆಡ್ಡಿನಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಸಂಗಪ್ಪನೇ ಮೊದಲಿಗ.

ಅವನ ಸಂಶೋಧನೆಯ ವಸ್ತು ಗಂಜಿ. ನಗಬೇಡಿ, ನಾನು ಆಗಲೇ ಸಾಕಷ್ಟು ನಕ್ಕಿದ್ದೇನೆ. ಮಗ್ಗಕ್ಕೆ ಏರುವ ಮೊದಲು ಹಾಸಿನ, ಅಂದರೆ ಉದ್ದಕ್ಕೆ ಎಳೆದು ಕಟ್ಟುವ, ನೂಲಿಗೆ ಗಂಜಿ ಉಣಿಸಬೇಕು. ಇಲ್ಲದಿದ್ದರೆ ಯಂತ್ರದ ಎಳೆದಾಟಕ್ಕೆ ನೂಲು ಪಟಪಟನೆ ಹರಿಯುತ್ತದೆ, ಹರಿದಾಗಲೆಲ್ಲ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತಷ್ಟೂ ನೇಕಾರನ ಮನೆಯ ಒಲೆ ತಣ್ಣಗಾಗುತ್ತದೆ. ಹುಣಸೆ ಬೀಜದ ಹಿಟ್ಟಿನಿಂದ ನೂಲು ಹರಿಯದಂಥ ಗಂಜಿ ಮಾಡಬೇಕೆಂಬುದು ಸಂಗಪ್ಪನ ಹಟ. ಪ್ರಯೋಗಾಲಯದಲ್ಲಿ ಸಾಲದ್ದನ್ನು ಅವನು ನಮ್ಮ ಕೋಣೆಯ ಸ್ಟೋವಿನ ಮೇಲೂ ಕುದಿಸುತ್ತಿದ್ದ. ನನ್ನ ಅಂಗಿಗಳ ಮೇಲೆ ಪ್ರಯೋಗ ನಡೆದು, ಕೆಲವು ತಿಂಗಳು ನಾನು ಕುತ್ತಿಗೆ ತಿರುಗಿಸಲಾರದೆ ಓಡಾಡಿದ್ದನ್ನು ಸಹಪಾಠಿಗಳು ತತ್ತ್ವಜ್ಞಾನಿಯ ಗಾಂಭೀರ್ಯವೆಂದು ಭಾವಿಸಿದ್ದರು.

ಅವನೊಂದಿಗೆ ಮೊದಲ ಸಲ ಇಚಲಕರಂಜಿಗೆ ಹೋದಾಗ ಮಗ್ಗಗಳ ಗದ್ದಲಕ್ಕೆ ನನ್ನ ತರ್ಕ, ಮೀಮಾಂಸೆಗಳೆಲ್ಲ ಒಟ್ಟಿಗೆ ಕಿವುಡಾದವು. ಶೆಡ್ಡಿನೊಳಗೆ ಜನ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಮಾಲಕರೊಡನೆ ಮರಾಠಿಯ ತುಟಿ, ತಮ್ಮೊಳಗೆ ಕನ್ನಡದ ತುಟಿ. ಅಲ್ಲಿ ನಾನು ಮೊಟ್ಟಮೊದಲು ಕೆಂಪು ನೂಲನ್ನು ಕಂಡದ್ದು. ಸಾಮಾನ್ಯವಾಗಿ ಬಟ್ಟೆ ಇಳಿದ ಮೇಲೆ ತಪಾಸಣೆಯವನು ದೋಷ ಹುಡುಕಿ ಗುರುತು ಹಾಕುವುದು ವಾಡಿಕೆ. ನೇಕಾರನಿಗೂ ತಪಾಸಣೆಯವನಿಗೂ ಬೆಕ್ಕು-ಇಲಿಯ ಆಟ. ಆದರೆ ಈ ಶೆಡ್ಡಿನ ಕನ್ನಡದ ಮಂದಿಯದು ಬೇರೆಯೇ ರೀತಿ. ನೇಯುವಾಗ ಎಳೆ ತಪ್ಪಿತೆಂದು ಕಂಡ ಕೂಡಲೇ ನೇಯುವವನೇ ಮಗ್ಗ ನಿಲ್ಲಿಸಿ, ಅಂಚಿಗೆ ಕೆಂಪು ನೂಲು ಕಟ್ಟಿ, ಮುಂದೆ ನೇಯುತ್ತಿದ್ದ. ಕೈಮಗ್ಗದ ಊರಿನಿಂದ ಅವರು ಪಾತ್ರೆಪಗಡೆಗಳೊಂದಿಗೆ ಕಟ್ಟಿಕೊಂಡು ಬಂದ ಪದ್ಧತಿಯದು. ತನ್ನ ತಪ್ಪನ್ನು ತಾನೇ ಡಂಗುರ ಸಾರುವ ಈ ವಿಚಿತ್ರವೇಕೆಂದು ನಾನು ಕೇಳಿದಾಗ ತಂಗೆವ್ವ, ನಾನು ಏನೂ ಓದಿಲ್ಲವೇನೋ ಎಂಬಂತೆ ನೋಡಿದಳು.

“ಕೊಂಡವ್ರು ಉಟ್ಟ ಮ್ಯಾಲೆ ನೋಡಬಾರದ್ರಿ, ಉಡೂಕಿಂತ ಮೊದ್ಲ ನೋಡಬೇಕು. ಕೈ ಅಂದ ಮ್ಯಾಲೆ ತಪ್ಪತೈತಿ. ತಪ್ಪಿದ್ದು ಹೇಳಲಿಲ್ಲಂದ್ರ ಅದು ಕೈಯಿಂದ ಹೋಗಿ ಮನಸಿನ್ಯಾಗ ಕುಂದರತೈತಿ.”

ನಾನು ಇದನ್ನು ಒಂದು ಸ್ವಾರಸ್ಯವೆಂದು ಕೇಳಿ, ಅವಳು ಕೊಟ್ಟ ಅವಲಕ್ಕಿಯನ್ನು ತಿಂದು, ಬಸ್ಸು ಹತ್ತಿದೆ. ತತ್ತ್ವವೂ ಅವಲಕ್ಕಿಯೂ ಒಂದೇ ತಟ್ಟೆಯಲ್ಲಿ ಬಂದರೆ ನಾನು ಮೊದಲು ಯಾವುದಕ್ಕೆ ಕೈ ಹಾಕುತ್ತೇನೆಂಬುದು ನಿಮಗೆ ತಿಳಿಯಿತಲ್ಲ!

ಗಂಜಿಯ ನಿಜವಾದ ಪರೀಕ್ಷೆ ಮಗ್ಗದ ಮೇಲೆಯೇ ಆಗಬೇಕಲ್ಲವೇ? ಮಾಲಕರು ಒಪ್ಪಿದ್ದರಿಂದ ಸಂಗಪ್ಪ ಅದೇ ಶೆಡ್ಡನ್ನು ಆರಿಸಿಕೊಂಡ. ಅಕ್ಕಪಕ್ಕದ ಎರಡು ಮಗ್ಗ. ಒಂದಕ್ಕೆ ಹಳೆಯ ಗಂಜಿಯ ನೂಲು, ಇನ್ನೊಂದಕ್ಕೆ ಹುಣಸೆಯ ಗಂಜಿಯ ನೂಲು. ನೂಲು ಹರಿದಾಗಲೆಲ್ಲ ನೇಕಾರ ಮಗ್ಗದ ಕಂಬಕ್ಕೆ ಸುಣ್ಣದ ಗೀರು ಎಳೆಯಬೇಕು. ಸಂಗಪ್ಪ ಕೊಲ್ಲಾಪುರದಿಂದ ಬೆಳಗಿನ ಬಸ್ಸಿಗೆ ಬಂದು ಗೀರುಗಳನ್ನು ನೋಡಿ, ಮಧ್ಯಾಹ್ನಕ್ಕೆ ಪ್ರಯೋಗಾಲಯಕ್ಕೆ ಮರಳುತ್ತಿದ್ದ. ಫಲಿತಾಂಶ ಅದ್ಭುತವಾಗಿತ್ತು. ಹಳೆಯ ಗಂಜಿಯ ಕಂಬ ಗೀರುಗಳಿಂದ ಬೆಳ್ಳಗಾದರೆ ಹೊಸ ಗಂಜಿಯ ಕಂಬ ಬಹುಮಟ್ಟಿಗೆ ಬರಿದಾಗಿತ್ತು. ಅವನ ಮಾರ್ಗದರ್ಶಕರು, ವಿದ್ಯಾರ್ಥಿಗಳೆಲ್ಲ ಅಪ್ಪಾಸಾಹೇಬ ಸರ್ ಎಂದು ಕರೆಯುತ್ತಿದ್ದ ಕಟ್ಟುನಿಟ್ಟಿನ ಹಿರಿಯರು, ಜೀವಮಾನದಲ್ಲಿ ಮೊದಲ ಬಾರಿಗೆ “ಛಾನ್”, ಬಹಳ ಚೆನ್ನಾಗಿದೆ, ಎಂದರಂತೆ. ಮಹಾಪ್ರಬಂಧ ಸಿದ್ಧವಾಗಿ ರಟ್ಟು ಕಟ್ಟಿಸಿಕೊಂಡು ಬಂತು. ಜೂನಿನೊಳಗೆ ಅದನ್ನು ಸಲ್ಲಿಸಿದರೆ ಗಡಹಿಂಗ್ಲಜದ ಒಂದು ಕಾಲೇಜಿನಲ್ಲಿ ಅಧ್ಯಾಪಕನ ಹುದ್ದೆ ಅವನಿಗೇ ಎಂದು ಮಾತಾಗಿತ್ತು. ಗಂಜಿಯ ಮಹಿಮೆ ಕೇಳಿ ಸುತ್ತಲಿನ ಸಣ್ಣಪುಟ್ಟ ಮಗ್ಗದವರು ಅದನ್ನು ಎಂದು ಕೊಡುವಿರೆಂದು ವಿಚಾರಿಸತೊಡಗಿದ್ದರು.

ಈ ಸಂತೋಷವನ್ನು ತಂಗೆವ್ವನಿಗೆ ಮುಟ್ಟಿಸಲೆಂದು ನಾವು ಪೇಢೆ ಕಟ್ಟಿಸಿಕೊಂಡು ಇಚಲಕರಂಜಿಗೆ ಹೋದೆವು. ಏಪ್ರಿಲ್ಲಿನ ಉರಿಬಿಸಿಲಿನ ಮಧ್ಯಾಹ್ನ; ಸಂಗಪ್ಪ ಆ ಹೊತ್ತಿಗೆ ಶೆಡ್ಡಿಗೆ ಕಾಲಿಟ್ಟದ್ದು ಅದೇ ಮೊದಲು. ಒಳಗೆ ಹುಣಸೆಯ ಗಂಜಿಯ ಮಗ್ಗದ ಪಕ್ಕದ ಕಿಟಕಿಗೆ ಒದ್ದೆ ಗೋಣಿಚೀಲಗಳು ತೂಗುಬಿದ್ದಿದ್ದವು. ನೆಲಕ್ಕೆ ನೀರು ಚಿಮುಕಿಸಿತ್ತು. ಮಗ್ಗದ ಮುಂದೆ ಇಡೀ ಶೆಡ್ಡಿನಲ್ಲಿ ಎಲ್ಲರಿಗಿಂತ ನುರಿತ ಕೈಯ ರುದ್ರಪ್ಪ ನಿಂತಿದ್ದ. ಅವನ ಮಗ್ಗ ಅದಲ್ಲವೇ ಅಲ್ಲ. ಹಳೆಯ ಗಂಜಿಯ ಮಗ್ಗಕ್ಕೆ ನೀರೂ ಇಲ್ಲ, ಗೋಣಿಯೂ ಇಲ್ಲ. ಮೊನ್ನೆಮೊನ್ನೆ ಕೆಲಸಕ್ಕೆ ಸೇರಿದವನೊಬ್ಬ ಅದರೊಂದಿಗೆ ಏಗುತ್ತಿದ್ದ. ಪರೀಕ್ಷೆ ಮುಗಿದಿದ್ದರೂ ಉಳಿದ ಹಾಸನ್ನು ಅವರು ಹಾಗೆಯೇ ನೇಯುತ್ತಿದ್ದರು.

“ಬಾ ಬಾ, ಸಂಗ್ಯಾ! ನಿನ್ನ ಮಗ್ಗಕ್ಕ ನಾವು ಎಷ್ಟ ಕಾಳಜಿ ಮಾಡಾಕತ್ತೇವಿ ನೋಡು,” ಎಂದು ತಂಗೆವ್ವ ಅವನನ್ನು ಹೊರಗಿನ ಬೇವಿನ ನೆರಳಿಗೆ ಕರೆದೊಯ್ದು, ಸೆರಗಿನಿಂದ ಅವನ ಬೆವರೊರೆಸುತ್ತ ಹೇಳಿದಳು. “ಬಿಸಿಲ ಏರಿತಂದ್ರ ನೂಲು ಒಣಗಿ ಹರಿತಾವು ಅಂತ ನಿತ್ಯ ಮಧ್ಯಾಹ್ನ ಗೋಣಿ ತೊಯ್ಸಿ ಕಟ್ಟೇನಿ. ನಿಮ್ಮ ಕಾಕಾ ತನ್ನ ಮಗ್ಗಾ ಬಿಟ್ಟು ನಿನ್ನದರ ಮುಂದ ನಿಂತಾನ. ನಮ್ಮ ಹುಡುಗನ ಗಂಜಿ ಸೋಲಬಾರದಲ್ಲೋ ಯಪ್ಪಾ!”

ಪೇಢೆಯ ಪೊಟ್ಟಣ ನನ್ನ ಕೈಯಲ್ಲಿತ್ತು. ಅದನ್ನು ಬಿಚ್ಚಬೇಕೋ ಬೇಡವೋ ತಿಳಿಯದೆ ಹಿಡಿದುಕೊಂಡೇ ನಿಂತೆ. ಸಂಗಪ್ಪ ಶೆಡ್ಡಿನ ಕಿಟಕಿಯ ಒದ್ದೆ ಗೋಣಿಗಳತ್ತ ತಿರುಗಿದ. ನೂಲನ್ನು ಹರಿಯದಂತೆ ಕಾಪಾಡಿದ್ದು ಹುಣಸೆ ಬೀಜವೋ, ಒದ್ದೆ ಗೋಣಿಯೋ, ರುದ್ರಪ್ಪನ ಕೈಯೋ ಹೇಳುವವರಾರು? ವರ್ಷಗಟ್ಟಲೆಯ ದುಡಿಮೆ, ರಟ್ಟು ಕಟ್ಟಿದ ಗ್ರಂಥ, ಗಡಹಿಂಗ್ಲಜದ ಹುದ್ದೆ, ಎಲ್ಲವೂ ಒಬ್ಬ ಹೆಂಗಸಿನ ಮಮತೆಯಲ್ಲಿ ನೆನೆದುಹೋಗಿದ್ದವು. ಕಂಬದ ಗೀರುಗಳಲ್ಲಿ ಒಂದೂ ಸುಳ್ಳಲ್ಲ. ಯಾರೂ ಯಾರನ್ನೂ ವಂಚಿಸಿರಲಿಲ್ಲ. ಅಂಚಿಗೆ ನೂಲು ಕಟ್ಟುವ ಅದೇ ಜನ, ಪರೀಕ್ಷೆಯೆಂದರೆ ಎರಡು ಗಂಜಿಗಳನ್ನು ಸಮನಾಗಿ ನೋಡುವುದೆಂದು ತಿಳಿಯದೆ, ಮದುಮಗನನ್ನು ನೋಡಿಕೊಂಡಂತೆ ಒಂದನ್ನು ನೋಡಿಕೊಂಡಿದ್ದರು.

ಸಂಗಪ್ಪ ಕೇಳಿದ: “ಚಿಗವ್ವಾ, ನಿನ್ನ ಕಡೆ ಕೆಂಪ ನೂಲು ಐತೇನ?”

ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಉಂಡೆಯಿಂದ ಒಂದು ತುಂಡು ಹರಿದುಕೊಟ್ಟಳು. ಯಾತಕ್ಕೆಂದು ಕೇಳಿದಳು. ಅವನು ಮೆಲ್ಲಗೆ, ಒಂದೊಂದೇ ಮಾತಾಗಿ ಬಿಡಿಸಿ ಹೇಳಿದ. ಕೇಳುತ್ತ ಕೇಳುತ್ತ ಅವಳ ಕೈ ಬಾಯಿಗೆ ಹೋಯಿತು. ಆಮೇಲೆ ಸಿಟ್ಟು ಬಂತು.

“ಪ್ರೀತಿ ಮಾಡೂದೂ ತಪ್ಪೇನೋ?”

“ಪ್ರೀತಿ ತಪ್ಪಲ್ಲ, ಚಿಗವ್ವಾ. ಆದ್ರ ನನ್ನ ಗಂಜಿ ನಾಳೆ ಬ್ಯಾರೆ ಮಂದಿ ಮಗ್ಗಕ್ಕೂ ಹೋಗತೈತಿ. ಅಲ್ಲೆ ಗೋಣಿ ತೊಯ್ಸಾಕ ನೀ ಇರೂದಿಲ್ಲ.”

ಮಿತ್ರರೇ, ಆ ನೆರಳಿನಲ್ಲಿ ನಿಂತಿದ್ದ ನನಗೆ ಮೈ ಜುಮ್ಮೆಂದಿತು. ಪ್ರಾಚ್ಯ ಪಾಶ್ಚಾತ್ಯ ಋಷಿಗಳೆಲ್ಲರನ್ನೂ ಬಾಯಿಪಾಠ ಮಾಡಿದ್ದ ನನಗೆ, ಕಾಣದ ಊರಿನ ಕಾಣದ ನೇಕಾರನೊಬ್ಬ ಹೀಗೆ ಕಣ್ಣ ಮುಂದೆ ಬಂದು ನಿಂತದ್ದು ಅದೇ ಮೊದಲು. ತಂಗೆವ್ವ ಒಳಗೆ ಹೋಗಿ ಗೋಣಿಚೀಲಗಳನ್ನು ತಾನೇ ಇಳಿಸಿದಳು.

ಸಂಜೆ ಕೋಣೆಗೆ ಮರಳಿದ ಮೇಲೆ ಸ್ನೇಹಧರ್ಮವನ್ನು ಪಾಲಿಸಲು ನಾನು ಪ್ರಶ್ನೆಯ ಎಲ್ಲ ಮಗ್ಗುಲುಗಳನ್ನೂ ವಿವರಿಸಿದೆ. ಉದ್ದೇಶವೇ ಮುಖ್ಯವೆನ್ನುವವರ ಪಕ್ಷ, ಪರಿಣಾಮವೇ ಮುಖ್ಯವೆನ್ನುವವರ ಪಕ್ಷ, ಎರಡನ್ನೂ ಸಮನ್ವಯಗೊಳಿಸುವವರ ಪಕ್ಷ, ಪಕ್ಷಗಳೇ ಇಲ್ಲವೆನ್ನುವವರ ಪಕ್ಷ. ಅವನ ಎದುರಿಗಿದ್ದದ್ದು ಮಾತ್ರ ಒಂದೇ ಕಷ್ಟ: ನಿಜವನ್ನು ಬರೆದರೆ ಚಿಗವ್ವ ಪರೀಕ್ಷೆ ಕೆಡಿಸಿದಳು ಎಂದು ಲೋಕಕ್ಕೆ ಸಾರಿದಂತಾಗುತ್ತದೆ, ಬರೆಯದಿದ್ದರೆ ಅವಳು ಕೊಟ್ಟ ನೂಲಿಗೆ ದ್ರೋಹ. ನನ್ನ ಉಪನ್ಯಾಸ ನಾಲ್ಕನೆಯ ಪಕ್ಷದಲ್ಲಿರುವಾಗ ಅವನು ಒಂದು ಹಾಳೆಯಲ್ಲಿ ಕೆಲವೇ ಸಾಲು ಬರೆದು ಮುಗಿಸಿದ್ದ. ಈ ಅಧ್ಯಾಯದ ಫಲಿತಾಂಶವನ್ನು ನಂಬಬಾರದೆಂದೂ, ತನ್ನನ್ನು ಮಗನಂತೆ ಬೆಳೆಸಿದವರ ಕೈಗೆ ತನ್ನ ಪರೀಕ್ಷೆಯನ್ನು ಕೊಟ್ಟು, ಅವರು ಅದನ್ನೂ ಮಗನಂತೆಯೇ ನೋಡಿಕೊಳ್ಳುವರೆಂದು ಊಹಿಸದೆ ಹೋದ ತಪ್ಪು ತನ್ನೊಬ್ಬನದೆಂದೂ ಅದರಲ್ಲಿತ್ತು. ಹಾಳೆಯನ್ನು ಅಧ್ಯಾಯದ ಮೊದಲಿಗೆ ಇಟ್ಟು, ಅಂಚಿಗೆ ತೂತು ಮಾಡಿ, ಕೆಂಪು ನೂಲಿನಿಂದ ಕಟ್ಟಿದ.

ಮರುದಿನ ಅವನು ಅದನ್ನು ಅಪ್ಪಾಸಾಹೇಬ ಸರ್ ಅವರ ಕೈಗೆ ಕೊಟ್ಟ. “ಹೇ ಕಾಯ್ ಆಹೆ ರೇ?” ಇದೇನಪ್ಪಾ ಎಂದು ಅವರು ನೂಲನ್ನು ಹಿಡಿದು ಕೇಳಿದರು. ಆಮೇಲೆ ಹಾಳೆಯನ್ನು ಓದಿದರು. ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಇದನ್ನು ನಿನಗೆ ಯಾರು ಕಲಿಸಿದರು ಎಂದು ಕೇಳಿದರು. “ನಮ್ಮ ಚಿಗವ್ವ, ಸರ್” ಎಂದ ಸಂಗಪ್ಪ. ಆ ಅಧ್ಯಾಯವನ್ನು ಕಿತ್ತುಹಾಕಿ ಬರಲೇ ಎಂದು ಕೇಳಿದ್ದಕ್ಕೆ ಅವರು ಒಪ್ಪಲಿಲ್ಲ. ಪರೀಕ್ಷೆ ಮತ್ತೆ ನಡೆಯಲಿ, ಹೊಸ ಅಧ್ಯಾಯ ಇದರ ಪಕ್ಕದಲ್ಲಿ ಕೂರಲಿ, ನೂಲು ಇದ್ದಲ್ಲೇ ಇರಲಿ ಎಂದರು.

ಜೂನ್ ಬಂತು, ಹೋಯಿತು. ಗಡಹಿಂಗ್ಲಜದ ಹುದ್ದೆ ಬೇರೆಯವರ ಪಾಲಾಯಿತು. ವಿಧಿಯ ವಿನೋದವೆಂದರೆ ಅದೇ ಕಾಲೇಜು ನೀತಿ ಕಲಿಸಲು ನನ್ನನ್ನು ಕರೆಯಿತು. ನನಗೆ ನೀತಿ ಕಲಿಸಿದವನು ಅಲ್ಲೇ ಉಳಿದ, ಕಲಿಸಲು ನಾನು ಇಲ್ಲಿಗೆ ಬಂದೆ. ಸಂಗಪ್ಪ ಇಚಲಕರಂಜಿಯ ಇನ್ನೊಂದು ತುದಿಯಲ್ಲಿ, ತನ್ನ ಮುಖಪರಿಚಯವೂ ಇಲ್ಲದವರ ಶೆಡ್ಡಿನಲ್ಲಿ, ಯಾವ ನೂಲಿಗೆ ಯಾವ ಗಂಜಿಯೆಂದು ನೇಕಾರರಿಗೆ ತಿಳಿಸದೆ, ಬೇಸಗೆಯೊಂದು ಮಳೆಗಾಲವೊಂದು ಮತ್ತೆ ಪರೀಕ್ಷೆ ನಡೆಸಿದ. ಆ ಪರೀಕ್ಷೆ ಆರಂಭವಾದ ದಿನ ತಂಗೆವ್ವ ಮುರಗೂಡದ ತನ್ನ ನೆಂಟರ ಮನೆಗೆ ಹೊರಟುಹೋದಳೆಂದು ಕೇಳಿ ನಾನು ಕಾರಣ ವಿಚಾರಿಸಿದ್ದೆ. “ಊರಾಗ ಇದ್ರ ನನ್ನ ಕೈ ಸುಮ್ನಿರೂದಿಲ್ರಿ ಮಾಸ್ತರ, ಎಲ್ಲೆರ ಒಂದ ಗೋಣಿ ತೊಯ್ಸಿ ಬಿಡತಾವು” ಎಂದಳು. ತನ್ನ ಪ್ರೀತಿಯನ್ನು ತಾನೇ ಬಸ್ಸಿಗೆ ಹತ್ತಿಸಿ ಪರವೂರಿಗೆ ಕಳಿಸಿಕೊಟ್ಟ ಆ ಹೆಂಗಸನ್ನು ನೆನೆದರೆ ಇಂದಿಗೂ ನನಗೆ ಕೈ ಮುಗಿಯಬೇಕೆನಿಸುತ್ತದೆ.

ಗಂಜಿ ಗೆದ್ದಿತೇ ಎಂದು ನೀವು ಕೇಳುವಿರಿ. ಮಳೆಗಾಲದಲ್ಲಿ ಅದು ಹಳೆಯದಕ್ಕಿಂತ ಕೊಂಚ ಮೇಲು, ಬೇಸಗೆಯಲ್ಲಿ ಸರಿಸಮ. ಇಷ್ಟೇ. ಎಳೆದು ಹೇಳಿದರೂ ಅದ್ಭುತವೆನ್ನಲಾಗದು. ಪದವಿ ತಡವಾಗಿ ಬಂತು; ಇಚಲಕರಂಜಿಯ ನೇಕಾರರ ಮಕ್ಕಳಿಗೆ ಈಗ ಅವನು ಪಾಠ ಹೇಳುತ್ತಾನೆ. ಅವನು ಹುಡುಗರಿಗೆ ನೀತಿಯ ಲಕ್ಷಣ ಬರೆಯಿಸುವುದಿಲ್ಲ. ಪ್ರಯೋಗ ಕೆಟ್ಟರೆ ಆ ಪುಟದ ಅಂಚಿಗೆ ಕೆಂಪು ನೂಲು ಕಟ್ಟಿ ತಂದವನಿಗೆ ಬೈಯುವುದಿಲ್ಲವಂತೆ, ಅಷ್ಟೇ. ಕಳೆದ ವರ್ಷ ಕೊಲ್ಲಾಪುರದಲ್ಲಿ ಗ್ರಂಥಾಲಯವೊಂದರಲ್ಲಿ ಅವನ ಮಹಾಪ್ರಬಂಧವನ್ನು ತೆರೆದು ನೋಡಿದೆ. ಸುಳ್ಳಾದ ಅಧ್ಯಾಯವೂ ನಿಜವಾದ ಅಧ್ಯಾಯವೂ ಒಂದರ ಪಕ್ಕ ಒಂದು ಕೂತಿವೆ. ನೂಲಿನ ಬಣ್ಣ ಕೊಂಚ ಮಾಸಿದೆ. ಸುತ್ತಲಿನ ಕಪಾಟುಗಳಲ್ಲಿ ಒಂದೂ ನೂಲಿಲ್ಲದ, ಒಂದೂ ತಪ್ಪಿಲ್ಲದ ಗ್ರಂಥಗಳು ಸಾಲುಸಾಲಾಗಿ ನಿಂತಿದ್ದವು. ಅವುಗಳ ನಡುವೆ ಈ ಒಂದನ್ನು ಹಿಡಿದು ನಿಂತಾಗ, ದೊಡ್ಡದೇನನ್ನೋ ನೋಡುತ್ತಿದ್ದೇನೆಂಬ ಬೆರಗಿನಲ್ಲಿ ಗ್ರಂಥಾಲಯ ಮುಚ್ಚುವ ಗಂಟೆ ಬಾರಿಸಿದ್ದೂ ನನಗೆ ಕೇಳಿಸಲಿಲ್ಲ.

ಒಗ್ಗರಣೆಯ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ನನ್ನ ಹೆಂಡತಿ ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ತೇವವಾಗಿದ್ದನ್ನು ಕಂಡು ವಕೀಲನಿಗೆ ಧೈರ್ಯ ಬಂತು.

“ಆ ಸರ್ ಕಣ್ಣ ಒರಸ್ಕೊಂಡದ್ದು ನೀವು ನೋಡಿದ್ರೇನ್ರಿ?” ಎಂದಳು.

ನಾನು ನೋಡಿರಲಿಲ್ಲ. ಸಂಗಪ್ಪನ ಜೊತೆ ಹೋಗಿದ್ದರೂ ಆ ಹೊತ್ತಿಗೆ ನಾನು ಅವರ ಮನೆಯ ಹೊರಗಿನ ಜಗಲಿಯಲ್ಲಿ ಬೇಲಿಯ ದಾಸವಾಳ ನೋಡುತ್ತ ನಿಂತಿದ್ದೆ. ಪ್ರಶ್ನೆ ಉತ್ತರಗಳನ್ನು ಸಂಗಪ್ಪ ಹೇಳಿದ್ದು ನಿಜ. ಧೋತರದ ಚುಂಗಾಗಲಿ ಕಣ್ಣೀರಾಗಲಿ ಅವನ ಬಾಯಿಂದ ಬಂದದ್ದಲ್ಲ. ಅಂಥ ಶಿಷ್ಯನ ಮುಂದೆ ಅಂಥ ಗುರು ಅಳದೆ ಇರಬಾರದೆಂದು, ಕತೆ ಎಲ್ಲೂ ಒಣಗಿ ಹರಿಯಬಾರದೆಂದು, ಪ್ರೀತಿಯಿಂದ ನಾನೇ ಒದ್ದೆ ಮಾಡಿ ತೂಗುಹಾಕಿದ ಗೋಣಿಚೀಲ ಅದು. ಇಲ್ಲ, ಅದು ನಾನೇ ಸೇರಿಸಿದ್ದು ಎಂದು ಹೇಳಿದೆ.

ಅವಳು ಮೇಜಿನ ಮೇಲಿನ ಕತ್ತರಿಯನ್ನು ತೆಗೆದುಕೊಂಡಳು, ಆದರೆ ಪಂಚೆಯ ಹತ್ತಿರ ಬರಲಿಲ್ಲ. ಹೊಲಿಗೆಯ ಡಬ್ಬಿಯಿಂದ ಕೆಂಪು ದಾರದ ಉಂಡೆ ತೆಗೆದು ಬೆರಳುದ್ದ ಕತ್ತರಿಸಿ ನನ್ನ ಕೈಗಿಟ್ಟಳು.

“ಹಂಗಾರ ನೀವು ಈ ಕತಿ ಬರೀವಾಗ ಅಲ್ಲೂ ಒಂದ ಕಟ್ರಿ,” ಎಂದಳು.

ಕಟ್ಟಿದ್ದೇನೆ.